ಲೆಕ್ಕಕ್ಕೊಂದು ಸಮಾನ ಭಾಷೆ

ಟಕ್ವಿಲಾದಿಂದ ದಕ್ಷಿಣಕ್ಕೆ ಅರ್ಧ ಗಂಟೆಯ ಹಾದಿ ಟಕೋಮಾ. ಅಲ್ಲಿನ ಲೆಕ್ಕಪರಿಶೋಧಕ ಚಾರ್ಲ್ಸ್ ಹಾಫ್‌ಮನ್ 1998ರಲ್ಲಿ ತೊಡಗಿದ ಕೆಲಸವೇ ಮುಂದೆ ಎಕ್ಸ್‌ಬಿಆರ್‌ಎಲ್ ಎಂಬ ಮುಕ್ತ ಮಾನಕವಾಯಿತು. ಕಂಪನಿಗೊಂದು ತಂತ್ರಾಂಶವಿರಲಿ, ಸಾಲ, ಲಾಭ, ನೌಕರರ ವೇತನವೆಚ್ಚ ಹೀಗೆ ಪ್ರತಿ ಅಂಕಿಗೂ ಎಲ್ಲರೂ ಒಪ್ಪಿದ ಗುರುತು ಅಂಟಿದ್ದರೆ ಯಾವ ಗಣಕವಾದರೂ ಅವನ್ನು ಕೂಡಿಸಿ ಹೋಲಿಸಬಲ್ಲದು. ಬಳಸಲು ಪರವಾನಗಿ ಶುಲ್ಕವಿಲ್ಲ.

ಭಾರತ ಸರ್ಕಾರ 2011ರಲ್ಲಿ ದೊಡ್ಡ ಕಂಪನಿಗಳಿಗೆ ಇದನ್ನು ಕಡ್ಡಾಯಗೊಳಿಸಿತು. ಆದರೆ ಅಮೆರಿಕದ ಷೇರುಪೇಟೆ ನಿಯಂತ್ರಕರಿಗೆ ಸಲ್ಲಿಸಿದ ಲೆಕ್ಕಪತ್ರಗಳು ಎಲ್ಲರಿಗೂ ಉಚಿತ. ಭಾರತದ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಕಡತ ನೋಡಲು ಕಂಪನಿಯೊಂದಕ್ಕೆ 100 ರೂಪಾಯಿ. ಷೇರುಪೇಟೆಯಲ್ಲಿಲ್ಲದ ನೂರು ಕಂಪನಿಗಳ ವೇತನವೆಚ್ಚ ಹೋಲಿಸಲು ಬೆಂಗಳೂರಿನ ಪೀಣ್ಯದ ಕಾರ್ಮಿಕ ಸಂಘವೊಂದು ಹೊರಟರೆ, ಮಾತುಕತೆಗೆ ಕೂರುವ ಮೊದಲೇ ಹತ್ತು ಸಾವಿರ ತೆರಬೇಕು. ಎದುರು ಕೂರುವ ಮಾಲೀಕರ ಬಳಿ ತಮ್ಮ ಅಂಕಿಗಳು ಆಗಲೇ ಇರುತ್ತವೆ.