ಕಬ್ಬಿಣ ಬೇಡ, ಮೈಭಾರ ಸಾಕು

2020ರ ಫೆಬ್ರವರಿ 1ರಂದು ಐಕಳದ ಕಂಬಳದಲ್ಲಿ ಮೂಡುಬಿದಿರೆ ಹತ್ತಿರದ ಅಶ್ವತ್ಥಪುರದ ಶ್ರೀನಿವಾಸ ಗೌಡ ಅವರು 142.5 ಮೀಟರ್ ಉದ್ದದ ಕೆಸರಿನ ಕರೆಯನ್ನು (ಓಟದ ಹಾದಿಯನ್ನು) 13.62 ಸೆಕೆಂಡಿನಲ್ಲಿ ಓಡಿ ಮುಗಿಸಿದರು. ಅದೇ ತಿಂಗಳು ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿ ಅವರು 143 ಮೀಟರನ್ನು 13.61 ಸೆಕೆಂಡಿನಲ್ಲಿ ಓಡಿದರು. ಗೌಡರ ಓಟವನ್ನು 100 ಮೀಟರಿಗೆ ಲೆಕ್ಕ ಹಾಕಿದರೆ 9.56 ಸೆಕೆಂಡು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಬರೆದ ವಿಶ್ವದಾಖಲೆ 9.58. ದೇಶವೆಲ್ಲ ಬೆರಗಾಯಿತು.

ಮಕ್ಕಳೇ, ಈ ಹೋಲಿಕೆಯನ್ನು ಹಾಗೆಯೇ ಒಪ್ಪಿಕೊಳ್ಳಬಾರದು. ಕಂಬಳದಲ್ಲಿ ಓಡುವವರ ಮುಂದೆ ಎರಡು ಕೋಣಗಳಿರುತ್ತವೆ. ಹಗ್ಗ ಹಿಡಿದ ಓಟಗಾರನನ್ನು ಅವು ಮುಂದಕ್ಕೆ ಎಳೆಯುತ್ತವೆ. ಬೋಲ್ಟ್ ಅವರನ್ನು ಎಳೆಯುವವರು ಯಾರೂ ಇರಲಿಲ್ಲ. ಆದರೂ ಕಂಬಳದ ಓಟ ಸುಲಭದ್ದಲ್ಲ. ಗಟ್ಟಿ ನೆಲದಲ್ಲಿ ಓಡುವಾಗ ನಮ್ಮ ಕಾಲಿನ ಸ್ನಾಯುರಜ್ಜುಗಳು, ಮುಖ್ಯವಾಗಿ ಹಿಮ್ಮಡಿಯ ಮೇಲಿನ ದಪ್ಪ ರಜ್ಜು, ಪ್ರತಿ ಹೆಜ್ಜೆಗೂ ಹಿಗ್ಗಿ ಕುಗ್ಗಿ ಸ್ವಲ್ಪ ಶಕ್ತಿಯನ್ನು ನಮಗೇ ಹಿಂದಿರುಗಿಸುತ್ತವೆ. ಕೆಸರು ಕಾಲಿನಡಿ ಕುಸಿದುಬಿಡುತ್ತದೆ, ಕೊಟ್ಟ ಶಕ್ತಿಯನ್ನು ನುಂಗುತ್ತದೆ. ಸಡಿಲ ಮರಳಿನ ಮೇಲೂ ಹೀಗೆಯೇ. ಮರಳಿನಲ್ಲಿ ಓಡಲು ಗಟ್ಟಿ ನೆಲಕ್ಕಿಂತ ಸುಮಾರು ಒಂದೂವರೆ ಪಟ್ಟು, ನಡೆಯಲು ಎರಡು ಪಟ್ಟಿಗಿಂತ ಹೆಚ್ಚು ಶಕ್ತಿ ಬೇಕೆಂದು ವಿಜ್ಞಾನಿಗಳು ಅಳೆದಿದ್ದಾರೆ. ಕೊರತೆಯನ್ನೆಲ್ಲ ತೊಡೆ, ಮೀನಖಂಡ, ಸೊಂಟಗಳ ಸ್ನಾಯುಗಳೇ ತುಂಬಿಕೊಡಬೇಕು. ಆಟಿ ತಿಂಗಳ ‘ಕೆಸರ್ಡ್ ಒಂಜಿ ದಿನ’ (ಕೆಸರಿನಲ್ಲಿ ಒಂದು ದಿನ) ಆಟೋಟದಲ್ಲಿ ಗದ್ದೆಗೆ ಇಳಿದು ಓಡಿದವರಿಗೆ ಮರುದಿನ ತೊಡೆಯಲ್ಲಿ ಬರುವ ನೋವು ಇದನ್ನೇ ಹೇಳುತ್ತದೆ.

ಶ್ರೀನಿವಾಸ ಗೌಡ ಅವರು ಆಗ ಕಟ್ಟಡ ಕೆಲಸ ಮಾಡುತ್ತಿದ್ದರು. ಗುಣಪಾಲ ಕಡಂಬ ಅವರ ಕಂಬಳ ಅಕಾಡೆಮಿಯಲ್ಲಿ ತರಬೇತಿ ಪಡೆದವರು. ಭಾರತೀಯ ಕ್ರೀಡಾ ಪ್ರಾಧಿಕಾರ ಅವರನ್ನು ಟ್ರ್ಯಾಕಿನಲ್ಲಿ ಓಡಿ ತೋರಿಸಲು ಕರೆದಾಗ ಅವರು ಒಪ್ಪಲಿಲ್ಲ. ಕಂಬಳದಲ್ಲಿ ಹಿಮ್ಮಡಿಯ ಕೆಲಸ ಹೆಚ್ಚು, ಟ್ರ್ಯಾಕಿನಲ್ಲಿ ಕಾಲ್ಬೆರಳಿನದು ಹೆಚ್ಚು ಎಂದು ಕಾರಣ ಕೊಟ್ಟರು. ನನಗೆ ಆ ಎರಡು ದಾಖಲೆಗಳಿಗಿಂತ ಈ ಮಾತು ದೊಡ್ಡದಾಗಿ ಕಾಣುತ್ತದೆ. ಮೈ ಯಾವ ಕೆಲಸವನ್ನು ಮತ್ತೆ ಮತ್ತೆ ಮಾಡುತ್ತದೆಯೋ ಆ ಕೆಲಸದಲ್ಲೇ ಬಲವಾಗುತ್ತದೆ ಎಂಬುದು ವ್ಯಾಯಾಮ ವಿಜ್ಞಾನದ ಮೊದಲ ಪಾಠಗಳಲ್ಲಿ ಒಂದು. ಅದನ್ನು ಅವರು ತಮ್ಮ ಕಾಲುಗಳಿಂದಲೇ ಕಲಿತಿದ್ದರು.

ಈಗ ನಿಮ್ಮ ವಿಷಯಕ್ಕೆ ಬರೋಣ. ಎಂಟನೇ, ಒಂಬತ್ತನೇ ತರಗತಿಗೆ ಬರುವಾಗ ಹಲವರಿಗೆ ತೋಳು ದಪ್ಪವಾಗಬೇಕು, ಎದೆ ಅಗಲವಾಗಬೇಕು ಎಂಬ ಆಸೆ ಹುಟ್ಟುತ್ತದೆ. ಆಸೆಯಲ್ಲಿ ತಪ್ಪೇನೂ ಇಲ್ಲ. ಬಿ.ಸಿ.ರೋಡಿನಲ್ಲೋ ಮೂಡುಬಿದಿರೆ ಪೇಟೆಯಲ್ಲೋ ಜಿಮ್ಮಿಗೆ ಸೇರಲು ಮನೆಯಲ್ಲಿ ಬಿಡದಿದ್ದರೆ ಬೇಸರ ಬೇಡ. ಈ ವಯಸ್ಸಿನಲ್ಲಿ ಬಲ ಮೊದಲು ಹುಟ್ಟುವುದು ತೋಳಿನಲ್ಲಲ್ಲ, ನರಗಳಲ್ಲಿ.

ಸ್ನಾಯು ಎಂದರೆ ಸಾವಿರಾರು ಎಳೆಗಳ ಕಟ್ಟು. ಈ ಎಳೆಗಳು ಗುಂಪುಗುಂಪಾಗಿರುತ್ತವೆ. ಒಂದೊಂದು ಗುಂಪಿಗೆ ಬೆನ್ನುಹುರಿಯಿಂದ ಒಂದೊಂದು ನರಕೋಶದ ತಂತು ಬರುತ್ತದೆ. ಹೊಸಬರು ದಂಡ ಹೊಡೆಯಲು ಹೋದಾಗ ಎಲ್ಲ ಗುಂಪುಗಳೂ ಏಳುವುದಿಲ್ಲ, ಎದ್ದವೂ ಹೊತ್ತಿಗೆ ಸರಿಯಾಗಿ ಏಳುವುದಿಲ್ಲ. ಆದ್ದರಿಂದಲೇ ಕೈ ನಡುಗುವುದು, ಸೊಂಟ ಜೋತುಬೀಳುವುದು. ಅಭ್ಯಾಸ ಮುಂದುವರಿದಂತೆ ಮಿದುಳು ಹೆಚ್ಚು ಗುಂಪುಗಳನ್ನು ಒಟ್ಟಿಗೆ ಕರೆಯಲು ಕಲಿಯುತ್ತದೆ. ಮೊದಲ ಆರೆಂಟು ವಾರಗಳಲ್ಲಿ ಹೆಚ್ಚುವ ಬಲದಲ್ಲಿ ದೊಡ್ಡ ಪಾಲು ಈ ಕಲಿಕೆಯದು. ತೋಳಿನ ಸುತ್ತಳತೆ ಅಷ್ಟೇ ಇರುತ್ತದೆ, ಬಲ ಮಾತ್ರ ಏರಿರುತ್ತದೆ. ಹುಡುಗರಲ್ಲಿ ಸ್ನಾಯು ದಪ್ಪವಾಗುವುದು ಟೆಸ್ಟೋಸ್ಟೆರೋನ್ ಎಂಬ ಹಾರ್ಮೋನು ಚೆನ್ನಾಗಿ ಹೆಚ್ಚಿದ ಮೇಲೆ. ಅದು ಒಬ್ಬರಿಗೆ 12ಕ್ಕೆ, ಇನ್ನೊಬ್ಬರಿಗೆ 15ಕ್ಕೆ ಆಗಬಹುದು. ಬೆಂಚಿನಲ್ಲಿ ಪಕ್ಕ ಕೂತವನ ತೋಳು ನೋಡಿ ಕೊರಗಬೇಡಿ.

ಕಲಿಯುವುದು ನರ ಎಂದಮೇಲೆ ಅದಕ್ಕೆ ಬೇಕಾದುದು ದೊಡ್ಡ ಭಾರವಲ್ಲ. ಸರಿಯಾದ ಭಂಗಿ ಮತ್ತು ವಾರದಲ್ಲಿ ಹಲವು ಸಲದ ಅಭ್ಯಾಸ. ಭಾರ ಹೇಗೂ ನಿಮ್ಮೊಡನೆಯೇ ಇದೆ. ಒಂದು ಪ್ರಯೋಗ ಮಾಡಿ ನೋಡಿ. ನಿಂತು ತೂಕ ನೋಡುವ ಯಂತ್ರವನ್ನು ನೆಲದ ಮೇಲಿಟ್ಟು ಎರಡೂ ಅಂಗೈಗಳನ್ನು ಅದರ ಮೇಲೆ ಊರಿ. ಕಾಲು ಹಿಂದೆ ಚಾಚಿ, ದಂಡದ ಭಂಗಿಯಲ್ಲಿ ಮೈ ನೆಟ್ಟಗಿರಲಿ. ಗೆಳೆಯರೊಬ್ಬರು ಅಂಕಿ ಓದಲಿ. ಮೈತೂಕದ ಸುಮಾರು ಮೂರನೇ ಎರಡು ಭಾಗ ತೋರಿಸುತ್ತದೆ. 45 ಕಿಲೋ ತೂಗುವವರ ಕೈಗಳ ಮೇಲೆ 30 ಕಿಲೋ! ಮೊಣಕಾಲು ಊರಿದರೆ ಅಂಕಿ ಇಳಿಯುತ್ತದೆ. ಮೊಣಕೈ ಮಡಚಿ ಎದೆಯನ್ನು ಕೆಳಗೆ ತಂದರೆ ಏರುತ್ತದೆ. ಶಾಲೆಯ ವಿಜ್ಞಾನ ಮೇಳಕ್ಕೂ ಇದು ಒಳ್ಳೆಯ ಪ್ರಯೋಗ. ಪ್ರತಿ ಭಂಗಿಯ ಅಂಕಿ ಬರೆದು ಕೋಷ್ಟಕ ಮಾಡಿ.

ಈ ಪ್ರಯೋಗದಲ್ಲೇ ನಿಮ್ಮ ಅಭ್ಯಾಸದ ಏಣಿಯೂ ಸಿಗುತ್ತದೆ. ಮೊದಲು ಗೋಡೆಗೆ ಕೈ ಊರಿ ದಂಡ. ಅದು ಒಂದೇ ಸಮನೆ ಹತ್ತು ಹದಿನೈದು ಸಲ ಬಂದಮೇಲೆ ಜಗಲಿಯ ಅಂಚಿಗೆ ಅಥವಾ ಗಟ್ಟಿ ಬೆಂಚಿಗೆ ಕೈ ಊರಿ. ನೆಲದ ಮೇಲಿನ ದಂಡ ಕೊನೆಗೆ. ಕೈ ತಗ್ಗಿದಷ್ಟೂ ಅದರ ಮೇಲೆ ಬೀಳುವ ಭಾರ ಹೆಚ್ಚುತ್ತದೆ. ಭಂಗಿ ಕೆಡತೊಡಗಿದ ಕೂಡಲೇ ನಿಲ್ಲಿಸಿ. ಸೊಂಟ ಜೋತುಬಿದ್ದ ಇಪ್ಪತ್ತು ದಂಡಕ್ಕಿಂತ ನೆಟ್ಟಗಿನ ಆರು ಮೇಲು. ಕಾಲಿಗೆ ಬಸ್ಕಿ ಇದೆ. ಶಿಕ್ಷೆಯಾಗಿ ಹೊಡೆಸುವ ಬಸ್ಕಿ ಮರೆತುಬಿಡಿ. ಹಿಮ್ಮಡಿ ನೆಲ ಬಿಡದಂತೆ, ಮೊಣಕಾಲು ಒಳಗೆ ವಾಲದಂತೆ, ಮೂರು ಎಣಿಸುತ್ತ ನಿಧಾನ ಕೂತು ಏಳಿ.

ಗುಡ್ಡ ಹತ್ತುವುದು ನಮ್ಮ ಸೀಮೆಗೆ ಸಿಕ್ಕ ಭಾಗ್ಯ. ಬಂಟ್ವಾಳದವರಿಗೆ ಕಾರಿಂಜದ ಮೆಟ್ಟಿಲುಗಳಿವೆ. ಬೆಳ್ತಂಗಡಿಯವರಿಗೆ ಗಡಾಯಿಕಲ್ಲು ಇದೆ, ಟಿಪ್ಪುವಿನ ಕಾಲದ ಜಮಾಲಾಬಾದ್ ಕೋಟೆಗೆ ಬಂಡೆಯಲ್ಲೇ ಕಡಿದ 1,800ಕ್ಕೂ ಹೆಚ್ಚು ಮೆಟ್ಟಿಲು. ದೊಡ್ಡವರೊಡನೆ ಹೋಗಿ, ಮಳೆಗಾಲದಲ್ಲಿ ಬೇಡವೇ ಬೇಡ, ಪಾಚಿ ಹಿಡಿದ ಬಂಡೆ ಯಾರನ್ನೂ ನಿಲ್ಲಗೊಡುವುದಿಲ್ಲ. ಹತ್ತುವಾಗ ಏದುಸಿರು ಬರುತ್ತದೆ, ಆದರೆ ಮರುದಿನ ತೊಡೆ ನೋಯುವುದು ಇಳಿದ ಕಾರಣಕ್ಕೆ! ಇಳಿಯುವಾಗ ತೊಡೆಯ ಸ್ನಾಯು ಉದ್ದವಾಗುತ್ತಲೇ ಮೈಯನ್ನು ತಡೆದು ಹಿಡಿಯಬೇಕು. ಆ ಎಳೆತದಲ್ಲಿ ಎಳೆಗಳಿಗೆ ಸೂಕ್ಷ್ಮ ಪೆಟ್ಟಾಗುತ್ತದೆ, ರಿಪೇರಿಯಾಗುವ ಹೊತ್ತಿಗೆ ಅವು ಮೊದಲಿಗಿಂತ ಗಟ್ಟಿ. ಎರಡು ಮೂರು ದಿನ ಇರುವ ಈ ನೋವಿಗೆ ಹೆದರಬೇಕಿಲ್ಲ. ಒಂದು ದಿನ ಬಿಟ್ಟು ಒಂದು ದಿನ ವ್ಯಾಯಾಮ ಮಾಡಿ ಎನ್ನುವುದು ಈ ರಿಪೇರಿಗೆ ಸಮಯ ಕೊಡಲಿಕ್ಕೆ.

ಎಳೆಯುವ ಕೆಲಸ ಮಕ್ಕಳ ದಿನಚರಿಯಿಂದ ಹೆಚ್ಚುಕಡಿಮೆ ಮಾಯವಾಗಿದೆ. ಬಾವಿಯಿಂದ ನೀರು ಸೇದುತ್ತಿದ್ದವರ ಬೆನ್ನು ಭುಜಗಳಿಗೆ ಅದು ದಿನವೂ ಸಿಗುತ್ತಿತ್ತು. ಈಗ ಶಾಲೆಯ ಮೈದಾನದ ಕಬ್ಬಿಣದ ಅಡ್ಡಸರಳಿಗೆ ಜೋತುಬೀಳಿ. ಮೈ ಮೇಲೆತ್ತಲು ಬಾರದಿದ್ದರೆ ಕಲ್ಲಿನ ಮೇಲೆ ನಿಂತು ಗಲ್ಲವನ್ನು ಸರಳಿನ ಮಟ್ಟಕ್ಕೆ ತಂದು, ಅಲ್ಲಿಂದ ಐದು ಎಣಿಸುತ್ತ ಇಳಿಯಿರಿ. ಎತ್ತಲಾಗದ ಭಾರವನ್ನೂ ಸ್ನಾಯು ನಿಧಾನವಾಗಿ ಇಳಿಸಬಲ್ಲದು. ನುಗ್ಗೆಮರದ ಕೊಂಬೆ ಮಾತ್ರ ಬೇಡ, ಅದು ಹೇಳದೆ ಕೇಳದೆ ಮುರಿಯುತ್ತದೆ. ಮೂಡುಬಿದಿರೆಯ ಆಳ್ವಾಸ್ ಶಿಕ್ಷಣ ಸಂಸ್ಥೆಯ ವಿದ್ಯಾರ್ಥಿಗಳ ಮಲ್ಲಕಂಬ ನೋಡಿದ್ದೀರಲ್ಲ? ಅಲ್ಲಿ ಎತ್ತುವುದು ತಮ್ಮ ಮೈಯನ್ನು ಮಾತ್ರ. ಅದನ್ನು ಗುರುಗಳಿಲ್ಲದೆ ಪ್ರಯತ್ನಿಸಬೇಡಿ. ಮೊಸರುಕುಡಿಕೆಯ ಹಗ್ಗಜಗ್ಗಾಟದಲ್ಲಿ ಹಗ್ಗವನ್ನು ಅಂಗೈಗೆ ಸುತ್ತಿಕೊಳ್ಳಬೇಡಿ, ಸೆಳೆತಕ್ಕೆ ಬೆರಳೇ ಕತ್ತರಿಸಿಹೋದದ್ದುಂಟು.

ಎಚ್ಚರಿಕೆಯ ಮಾತು ಇಷ್ಟೊಂದು ಏಕೆ? ನಿಮ್ಮ ಎಲುಬು ಇನ್ನೂ ಬೆಳೆಯುತ್ತಿದೆ. ಅಡಿಕೆ ಮರ ತುದಿಯ ಸುಳಿಯಲ್ಲಿ ಬೆಳೆಯುವಂತೆ ಕೈಕಾಲಿನ ಉದ್ದ ಎಲುಬುಗಳು ತುದಿಗಳ ಹತ್ತಿರ ಬೆಳೆಯುತ್ತವೆ. ಅಲ್ಲಿ ಮೃದ್ವಸ್ಥಿಯ ತೆಳು ಪದರವಿದೆ, ಬೆಳವಣಿಗೆಯ ತಟ್ಟೆ. ಹುಡುಗಿಯರಲ್ಲಿ ಸಾಮಾನ್ಯವಾಗಿ 13ರಿಂದ 15, ಹುಡುಗರಲ್ಲಿ 15ರಿಂದ 17ರ ಸುಮಾರಿಗೆ ಅದು ಗಟ್ಟಿ ಎಲುಬಾಗುತ್ತದೆ. ಅಲ್ಲಿಯವರೆಗೆ ಕೀಲಿನ ಸುತ್ತ ಅದೇ ದುರ್ಬಲ ಜಾಗ. ದೊಡ್ಡವರಿಗೆ ಉಳುಕಾಗುವ ಪೆಟ್ಟಿಗೆ ಮಕ್ಕಳಲ್ಲಿ ಈ ತಟ್ಟೆ ಬಿರುಕು ಬಿಡಬಹುದು. ಕೀಲಿನಲ್ಲಿ ಚುಚ್ಚುವ ನೋವು, ಊತ, ಮಂಡಿಚಿಪ್ಪಿನ ಕೆಳಗೆ ಗಂಟು ಬಂದು ನೋವು ಇದ್ದರೆ ಆಟ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಭಾರ ಎತ್ತಿದರೆ ಕುಳ್ಳಾಗುತ್ತಾರೆ ಎನ್ನುತ್ತಾರಲ್ಲ, ಅದಕ್ಕೆ ಆಧಾರವಿಲ್ಲ. ಬಲ್ಲವರು ಎದುರು ನಿಂತು ಕಲಿಸಿದರೆ ಹಗುರ ಭಾರ ಹದಿಹರೆಯದವರಿಗೂ ಅಪಾಯವಲ್ಲ. ಅಪಾಯ ಇರುವುದು ಪಂಥ ಕಟ್ಟಿ ಎತ್ತುವುದರಲ್ಲಿ, ಯಾರೂ ಇಲ್ಲದಾಗ ಎತ್ತುವುದರಲ್ಲಿ. ಅಡಿಕೆ ಮೂಟೆ ಹೊರುವುದು, ಮರ ಹತ್ತುವುದು ಕೂಡ ಪಳಗಿದ ದೊಡ್ಡವರ ಕೆಲಸ.

ಹುಡುಗಿಯರಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ಜೀವನಕ್ಕೆಲ್ಲ ಬೇಕಾದ ಎಲುಬಿನ ಗಟ್ಟಿತನದ ಬಹುಪಾಲು ಹದಿಹರೆಯ ಮುಗಿಯುವುದರೊಳಗೆ ಕೂಡಿಬರುತ್ತದೆ. ಜಿಗಿತದ ಪೆಟ್ಟು ಎಲುಬಿಗೆ ಸಿಕ್ಕಿದಷ್ಟೂ ಅದು ಸುಣ್ಣಾಂಶ ಸೇರಿಸಿಕೊಳ್ಳುತ್ತದೆ. ಹಗ್ಗದಾಟ, ಕುಂಟೆಬಿಲ್ಲೆ, ಕಬಡ್ಡಿ ಬಿಡಬೇಡಿ. ಮೂಡುಬಿದಿರೆಯ ಪಕ್ಕದ ಕಾರ್ಕಳ ತಾಲೂಕಿನ ಮಮತಾ ಪೂಜಾರಿ ಅವರು ಭಾರತದ ಕಬಡ್ಡಿ ತಂಡದ ನಾಯಕಿಯಾದವರು, 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದವರು.

ಡಬ್ಬದ ಪ್ರೋಟೀನು ಪುಡಿ ನಿಮಗೆ ಬೇಕಿಲ್ಲ. ದಿನಕ್ಕೆ ಮೈತೂಕದ ಪ್ರತಿ ಕಿಲೋಗೆ ಸುಮಾರು 1 ಗ್ರಾಂ ಪ್ರೋಟೀನು ಸಾಕು. ಒಂದು ಮೊಟ್ಟೆಯಲ್ಲಿ 6 ಗ್ರಾಂ ಇದೆ. 100 ಗ್ರಾಂ ಬಂಗುಡೆಯಲ್ಲಿ ಹೆಚ್ಚುಕಡಿಮೆ 20 ಗ್ರಾಂ, 50 ಗ್ರಾಂ ಹುರುಳಿಯಲ್ಲಿ 11 ಗ್ರಾಂ. ಕುಚ್ಚಲಕ್ಕಿ ಗಂಜಿಯ ಜೊತೆ ಹೆಸರುಕಾಳಿನ ಪಲ್ಯವೋ ಕಡ್ಲೆ ಗಸಿಯೋ ಇದ್ದರೆ ಊಟ ಪೂರ್ತಿಯಾಯಿತು. 8ರಿಂದ 10 ಗಂಟೆ ನಿದ್ದೆಯೂ ಬೇಕು. ಕರಾವಳಿಯ ಗಾಳಿಯಲ್ಲಿ ತೇವ ಹೆಚ್ಚು, ಬೆವರು ಆರುವುದಿಲ್ಲ, ಆರದ ಬೆವರು ಮೈ ತಂಪು ಮಾಡುವುದಿಲ್ಲ. ಆದ್ದರಿಂದ ಬಿಸಿಲೇರುವ ಮೊದಲೇ ಅಭ್ಯಾಸ ಮುಗಿಸಿ, ನೀರನ್ನೋ ಉಪ್ಪು ಹಾಕಿದ ಮಜ್ಜಿಗೆಯನ್ನೋ ಕುಡಿಯಿರಿ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂತೆ ಆಡಬೇಕು. ವಾರದಲ್ಲಿ ಕನಿಷ್ಠ ಮೂರು ದಿನವಾದರೂ ಸ್ನಾಯು, ಎಲುಬುಗಳಿಗೆ ಬಲ ಕೊಡುವ ಚಟುವಟಿಕೆ ಅದರಲ್ಲಿರಬೇಕು. ಇದಕ್ಕೆ ಹಣ ಬೇಡ, ಯಂತ್ರ ಬೇಡ, ಸಮಯ ಮಾತ್ರ ಬೇಕು. ಹತ್ತನೇ ತರಗತಿ ಬಂದ ಕೂಡಲೇ ಆಟದ ಪೀರಿಯಡ್ಡನ್ನು ಗಣಿತಕ್ಕೋ ವಿಜ್ಞಾನಕ್ಕೋ ಬಿಟ್ಟುಕೊಡುವ ಶಾಲೆಗಳು ಬಹಳ ಇವೆ. ಇದನ್ನು ಓದುವ ಮೇಷ್ಟ್ರುಗಳಲ್ಲಿ, ಟೀಚರುಗಳಲ್ಲಿ, ಅಪ್ಪ ಅಮ್ಮಂದಿರಲ್ಲಿ ನನ್ನ ಕೋರಿಕೆ ಒಂದೇ: ದಯವಿಟ್ಟು ಆ ಪೀರಿಯಡ್ಡನ್ನು ಮಕ್ಕಳಿಗೇ ಬಿಡಿ.