ಪಿಕಪ್ ಗಾಡಿಯ ಹೊರ ಸಲಕರಣೆಗಳಿಗೆ ತುಕ್ಕು: ಕಾರಣ ಮತ್ತು ಉಪಾಯ



ಉಳ್ಳಾಗಡ್ಡಿ, ಕಡಲೆ, ಜೋಳಗಳನ್ನು ಪೇಟೆಗೆ ಒಯ್ಯಲು ಮತ್ತು ಮರಳಿ ಬರುವಾಗ ಗೊಬ್ಬರ, ಬೀಜ ತರಲು ಬಾಗಲಕೋಟೆ ಜಿಲ್ಲೆಯ ಅನೇಕ ರೈತರು ಪಿಕಪ್ ಗಾಡಿ ಇಟ್ಟುಕೊಂಡಿದ್ದಾರೆ. ಎಂಜಿನ್ನಿನ ಎಣ್ಣೆಯನ್ನು ಮರೆಯದೆ ಬದಲಿಸುವವರು ಸಹ ಗಾಡಿಯ ಹೊರಗೆ ಜೋಡಿಸಿದ ಪಾವಟಿಗೆ, ಕ್ಯಾರಿಯರ್, ಪಕ್ಕದ ಕಂಬಿ, ಹಿಂಬಾಗಿಲಿನ ಕೀಲು, ಸರಪಳಿ, ಹಗ್ಗ ಕಟ್ಟುವ ಕೊಂಡಿ ಇವುಗಳ ಕಡೆಗೆ ಲಕ್ಷ್ಯ ಕೊಡುವುದು ಕಡಿಮೆ. ಆದರೆ ಹೇರು ನಿಲ್ಲುವುದು ಈ ಕೊಂಡಿ, ಕೀಲುಗಳ ಬಲದಿಂದ. 50 ಕಿಲೋ ಚೀಲ ಹೊತ್ತ ಹಮಾಲ ಕಾಲಿಡುವುದು ಈ ಪಾವಟಿಗೆಯ ಮೇಲೆ.

ಮಳೆಯೇ ಕಡಿಮೆ ಇರುವ ಸೀಮೆಯಲ್ಲಿ ತುಕ್ಕು ಎಲ್ಲಿಂದ ಬಂತು ಎಂದು ಕೇಳುವವರಿದ್ದಾರೆ. ಕಬ್ಬಿಣ, ನೀರು ಮತ್ತು ಗಾಳಿಯಲ್ಲಿನ ಆಮ್ಲಜನಕ ಕೂಡಿದಾಗ ತುಕ್ಕು ಹುಟ್ಟುತ್ತದೆ. ಇದಕ್ಕೆ ಜಡಿಮಳೆಯೇ ಬೇಕಿಲ್ಲ, ಬಹಳ ಹೊತ್ತು ಆರದೆ ಉಳಿಯುವ ತೇವ ಸಾಕು. ಹುನಗುಂದ, ಬಾಗಲಕೋಟೆ ಭಾಗದ ಎರೆಮಣ್ಣು ಪಾವಟಿಗೆಯ ಕೆಳಗೆ, ಕಂಬಿಯ ಸಂದಿಯಲ್ಲಿ ಮೆತ್ತಿಕೊಂಡರೆ ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿಯಾಗಿಯೇ ಇರುತ್ತದೆ. ಬಾದಾಮಿ ಕಡೆಯ ಮರಳು ಮಿಶ್ರಿತ ಮಣ್ಣು ಬೇಗ ಆರುತ್ತದೆ, ಆದರೆ ಚಕ್ರದಿಂದ ಸಿಡಿದು ಬಣ್ಣವನ್ನು ಸವೆಸುತ್ತದೆ. ಇಳಕಲ್ ಸುತ್ತಿನ ಗ್ರಾನೈಟ್ ಗಣಿಗಳ ದಾರಿಯಲ್ಲಿ ಚೂರುಕಲ್ಲು ಬಡಿದು ಬಣ್ಣ ಕಿತ್ತುಹೋಗುತ್ತದೆ.

ಇವೆಲ್ಲಕ್ಕಿಂತ ಹೆಚ್ಚು ಕೇಡು ಮಾಡುವುದು ಹರಿದ ಚೀಲದಿಂದ ಉದುರಿದ ರಸಗೊಬ್ಬರ. ಅದು ಗಾಳಿಯಲ್ಲಿನ ತೇವವನ್ನು ಹೀರಿ ತಾನೇ ನೀರಾಗುತ್ತದೆ. ಮ್ಯುರಿಯೇಟ್ ಆಫ್ ಪೊಟ್ಯಾಷ್‌ನಲ್ಲಿರುವ ಕ್ಲೋರೈಡು ಅಡಿಗೆ ಉಪ್ಪಿನಂತೆಯೇ ಕಬ್ಬಿಣವನ್ನು ತಿನ್ನುತ್ತದೆ. ಆದ್ದರಿಂದ ಗೊಬ್ಬರ ಇಳಿಸಿದ ದಿನವೇ ಗಾಡಿಯನ್ನು ಗುಡಿಸಿ, ನೀರಿನಿಂದ ತೊಳೆದು, ಬಿಸಿಲಿಗೆ ನಿಲ್ಲಿಸುವುದು ತುಕ್ಕಿಗೆ ಮೊದಲ ಮದ್ದು. ಇದಕ್ಕೆ ಖರ್ಚೂ ಇಲ್ಲ.

ತುಕ್ಕು ಹಿಡಿದ ಮೇಲೆ ಅದರ ಮೇಲೆಯೇ ಬಣ್ಣ ಬಳಿಯುವುದು ದೊಡ್ಡ ತಪ್ಪು. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಒಳಗೇ ಉಬ್ಬಿ ಬಣ್ಣವನ್ನು ಎತ್ತಿ ಹಾಕುತ್ತದೆ. ಈ ಮುಂದಿನ ಕ್ರಮವನ್ನು ಅನುಸರಿಸಬೇಕು.

1. ಮೊದಲು ಭಾಗಗಳನ್ನು ತೊಳೆದು ಚೆನ್ನಾಗಿ ಒಣಗಿಸಬೇಕು. ಅನಂತರ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ಬಡಿದು ನೋಡಬೇಕು. ಪದರು ಪದರಾಗಿ ಉದುರಿದರೆ ಅಥವಾ ಸ್ಕ್ರೂಡ್ರೈವರಿನ ತುದಿ ಒಳಗಿಳಿದರೆ ಆ ಭಾಗ ಬಣ್ಣಕ್ಕೆ ತಕ್ಕುದಲ್ಲ. ಅದನ್ನು ಬದಲಿಸಬೇಕು.

2. ತುಕ್ಕು ಮೇಲ್ಮೈಯಲ್ಲಿ ಮಾತ್ರ ಇದ್ದರೆ ತಂತಿ ಬ್ರಷ್ ಮತ್ತು ಪಾಲಿಶ್ ಕಾಗದದಿಂದ ಕಬ್ಬಿಣ ಹೊಳೆಯುವವರೆಗೆ ತಿಕ್ಕಬೇಕು. ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ ಇರಲಿ.

3. ಥಿನ್ನರ್ ಅದ್ದಿದ ಬಟ್ಟೆಯಿಂದ ಜಿಡ್ಡು ಒರೆಸಿ, ಆರಿದೊಡನೆ ರೆಡ್ ಆಕ್ಸೈಡ್ ಪ್ರೈಮರ್ ಹಚ್ಚಬೇಕು. ನಾಳೆಗೆ ಬಿಡಬಾರದು; ಬರಿಗಬ್ಬಿಣಕ್ಕೆ ರಾತ್ರಿಯ ಇಬ್ಬನಿಯಿಂದಲೇ ಮತ್ತೆ ತುಕ್ಕು ಬರಬಹುದು. ಹತ್ತಿರ ಬೀಡಿ, ಬೆಂಕಿ ಸಲ್ಲದು.

4. ಪ್ರೈಮರ್ ಆರಿದ ಮೇಲೆ ಎನಾಮೆಲ್ ಬಣ್ಣವನ್ನು ತೆಳ್ಳಗೆ ಎರಡು ಸಲ ಬಳಿಯಬೇಕು. ಪ್ರೈಮರ್ ಒಂದೇ ಸಾಲದು. ಅದು ತೇವವನ್ನು ಪೂರ್ತಿ ತಡೆಯಲಾರದು.

5. ಕೊಳವೆಯಿಂದ ಮಾಡಿದ ಕಂಬಿಗಳಿಗೆ ತಳದಲ್ಲಿ ನೀರು ಇಳಿಯುವ ತೂತು ಇರಬೇಕು. ಅದು ಮಣ್ಣಿನಿಂದ ಮುಚ್ಚಿದರೆ ಕೊಳವೆ ಒಳಗಿನಿಂದಲೇ ಕೊರೆದು ಹೋಗುತ್ತದೆ, ಹೊರಗೆ ಬಣ್ಣ ಮಾತ್ರ ನಿಂತಿರುತ್ತದೆ.

6. ಕೀಲುಗಳಿಗೆ ಶುದ್ಧವಾದ ಗ್ರೀಸ್ ಹಾಕಬೇಕು. ಎಂಜಿನ್ನಿನಿಂದ ತೆಗೆದ ಹಳೆಯ ಎಣ್ಣೆಯನ್ನು ಬಳಿಯುವ ರೂಢಿ ಒಳ್ಳೆಯದಲ್ಲ. ಅದು ಧೂಳನ್ನು ಹಿಡಿಯುತ್ತದೆ, ಚರ್ಮಕ್ಕೆ ಕೇಡು, ಹೊಲದ ಮಣ್ಣಿಗೂ ಕೇಡು.

ಬೆಸುಗೆ ಹಾಕಿಸುವುದಾದರೆ ಮೊದಲು ಬ್ಯಾಟರಿಯ ತಂತಿ ಬಿಚ್ಚಿಸಬೇಕು. ಬೆಸುಗೆಯ ಕಾವಿಗೆ ಸುಟ್ಟ ಬಣ್ಣವನ್ನು ಕೆರೆದು ಮತ್ತೆ ಬಳಿಯದಿದ್ದರೆ ಮುಂದಿನ ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ. ಗಾಡಿಯ ಮುಂದೆ ಕಬ್ಬಿಣದ ದಪ್ಪ ಗಾರ್ಡು ಕಟ್ಟಿಸಿದ್ದರೆ ಅದಕ್ಕೆ ಬಣ್ಣದ ಖರ್ಚು ಬೇಡ, ತೆಗೆಸುವುದೇ ಮೇಲು. ಅದು ಪಾದಚಾರಿಗಳಿಗೂ ಗಾಡಿಯಲ್ಲಿ ಕುಳಿತವರಿಗೂ ಅಪಾಯಕರ. ಇಂಥ ಗಾರ್ಡುಗಳು 1988ರ ಮೋಟಾರು ವಾಹನ ಕಾಯ್ದೆಗೆ ವಿರುದ್ಧವೆಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವು 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ತಿಳಿಸಿದೆ.

ಈ ಕೆಲಸಕ್ಕೆ ವರ್ಷದಲ್ಲಿ ಎರಡು ಹೊತ್ತು ಗೊತ್ತು ಮಾಡಿಕೊಳ್ಳುವುದು ಅನುಕೂಲ. ಕಾರಹುಣ್ಣಿಮೆಗೆ ಎತ್ತಿನ ಮೈ ತೊಳೆದು ಕೊಂಬಿಗೆ ಬಣ್ಣ ಹಚ್ಚುವಾಗ, ಮಳೆ ಬಲಿಯುವ ಮುನ್ನ, ಗಾಡಿಯ ಬಣ್ಣವನ್ನೂ ನೋಡಬೇಕು. ಮಹಾನವಮಿಯ ಆಯುಧ ಪೂಜೆಗೆ ಗಾಡಿ ತೊಳೆಯುವುದು ಹೇಗೂ ಇದೆ. ಆಗ ಮಾಲೆ ಹಾಕುವ ಮುನ್ನ ಗಾಡಿಯ ಕೆಳಗೆ ಬಗ್ಗಿ, ಮಳೆಗಾಲದ ಮಣ್ಣು ತೆಗೆದು, ಕೀಲು ಕೊಂಡಿಗಳನ್ನು ಬಡಿದು ನೋಡಬೇಕು.

ಗಾಡಿ ಚೆಂದ ಕಾಣಲೆಂದು ಮಾತ್ರ ಇದನ್ನು ಹೇಳಿದ್ದಲ್ಲ. ಹೇರು ತುಂಬಿದ ಹೊತ್ತಿನಲ್ಲಿ ಹಿಂಬಾಗಿಲಿನ ಸರಪಳಿ ಕಡಿದರೆ ಹಿಂದೆ ಬರುವ ಸೈಕಲ್ಲಿನವನಿಗೆ ಗಂಡಾಂತರ. ಪಾವಟಿಗೆ ಮುರಿದರೆ ಕಾಲು ಮುರಿಯುವುದು ಆ ದಿನದ ಕೂಲಿಗೆ ಬಂದ ಹಮಾಲನದು. ಗಾಡಿ ತನ್ನದಲ್ಲವಾದ್ದರಿಂದ ಅವನು ಅದನ್ನು ಬಡಿದು ನೋಡಲಾರ. ನೋಡಬೇಕಾದವನು ಗಾಡಿಯ ಮಾಲೀಕನಾದ ರೈತನೇ.