ನಿಲ್ಲದೆ ಹೋದ ನಾನು

ಹೋದ ಭಾನುವಾರ ಚರ್ಚಿಗೆ ಹೋಗುವಾಗ ಡೆಲಿವರಿ ಹುಡುಗನೊಬ್ಬ ಬೈಕಿನಿಂದ ಬಿದ್ದಿದ್ದ. ಆರಾಧನೆಗೆ ಲೇಟಾಗುತ್ತೆ ಅಂತ ನಾನು ನಿಲ್ಲಲಿಲ್ಲ.

ಅವತ್ತಿಂದ ಲೂಕನ ಸುವಾರ್ತೆಯ 10ನೇ ಅಧ್ಯಾಯ ಕಾಡ್ತಿದೆ. ಯೆರಿಕೋ ದಾರಿಯಲ್ಲಿ ಕಳ್ಳರು ಹೊಡೆದು ಹಾಕಿದವನನ್ನು ಯಾಜಕ, ಲೇವಿಯ ಇಬ್ಬರೂ ನೋಡಿ ಪಕ್ಕಕ್ಕೆ ಸರಿದು ಹೋದರು. ದೇವಾಲಯದ ಸೇವೆಯವರೇ! ನಿಂತವನು ಯೆಹೂದ್ಯರಿಗೆ ಆಗದ ಸಮಾರ್ಯದವನು.

ನಾನು ಬಿ.ಕಾಂ. ಓದಿದವನು, ಕಣ್ಣು ಹೋಗಿದ್ದು ಲೆಕ್ಕದ ಮೇಲೆ. ಛತ್ರದವನಿಗೆ ಅವನು 2 ಬೆಳ್ಳಿ ನಾಣ್ಯ ಕೊಟ್ಟ, ಅಂದರೆ 2 ದಿನದ ಕೂಲಿ. ಹೆಚ್ಚು ಖರ್ಚಾದರೆ ವಾಪಸ್ ಬರುವಾಗ ಕೊಡ್ತೀನಿ ಅಂದ. ಗುರುತಿಲ್ಲದವನ ಲೆಕ್ಕ ತನ್ನ ಹೆಸರಿಗೇ ಬರೆಸಿಕೊಂಡ.

ದೇವರನ್ನು ಪ್ರೀತಿಸ್ತೀನಿ ಅಂತ ಹಾಡೋದು ಸುಲಭ. ಅದರ ಬಿಲ್ ಬರೋದು ರಸ್ತೆಯಲ್ಲಿ. ಅವತ್ತು ನಾನು ಕಟ್ಟಲಿಲ್ಲ. ನೀವು ಗಾಡಿ ನಿಲ್ಲಿಸಿ.